ಡಬ್ಲ್ಯುಎಚ್‌ಒ-5 ಪ್ರಶ್ನಾವಳಿ: ಎರಡು ವರ್ಷ ಬಳಸಿದ ಮೇಲೆ

ಸಕ್ಕರೆ ಕಾಯಿಲೆಯ ಅಧ್ಯಯನವೊಂದಕ್ಕೆ ನಾನು ಫೀಲ್ಡ್ ಇನ್ವೆಸ್ಟಿಗೇಟರ್. ಮಂಡ್ಯದ ಸುತ್ತಮುತ್ತ ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ. ಬ್ಯಾಗಿನಲ್ಲಿರುವ ಫಾರಂಗಳಲ್ಲಿ ನನಗೆ ಹಿಡಿಸಿದ್ದು ಮನಸ್ಸಿನ ನೆಮ್ಮದಿ ಅಳೆಯುವ ಈ ಡಬ್ಲ್ಯುಎಚ್‌ಒ-5 ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಯಿಂದ 1998ರಲ್ಲಿ ಬಂದದ್ದು. ಐದೇ ವಾಕ್ಯ. ಕಳೆದ ಎರಡು ವಾರ ಮನಸ್ಸು ಉಲ್ಲಾಸವಾಗಿತ್ತೇ, ನೆಮ್ಮದಿ ಇತ್ತೇ, ಮೈಯಲ್ಲಿ ಚುರುಕು ಇತ್ತೇ, ಎದ್ದಾಗ ದಣಿವು ಆರಿತ್ತೇ, ದಿನದಲ್ಲಿ ಆಸಕ್ತಿಯ ಸಂಗತಿಗಳು ತುಂಬಿದ್ದವೇ? 'ಯಾವಾಗಲೂ' ಅಂದರೆ 5, 'ಇಲ್ಲವೇ ಇಲ್ಲ' ಅಂದರೆ 0. ಕೂಡಿ 4ರಿಂದ ಗುಣಿಸಿದರೆ 100ಕ್ಕೆ ಇಷ್ಟು ಅಂತ ಸಿಗುತ್ತದೆ. 50ಕ್ಕಿಂತ ಕೆಳಗಿದ್ದವರನ್ನು ಇನ್ನಷ್ಟು ವಿಚಾರಿಸಲೇಬೇಕು.

ಖಿನ್ನತೆ ಅನ್ನುವ ರೋಗದ ಹೆಸರೇ ಇದರಲ್ಲಿ ಬರುವುದಿಲ್ಲ. ಖಿನ್ನತೆಯ ಲಕ್ಷಣಗಳನ್ನೇ ಕೇಳುವ ಪಿಎಚ್‌ಕ್ಯು-9 ಫಾರಂ ಓದುವಾಗ, ಸಾವಿನ ಯೋಚನೆಯ ಒಂಬತ್ತನೇ ಪ್ರಶ್ನೆಗೆ ಬರುವಷ್ಟರಲ್ಲಿ ಎದುರಿದ್ದವರ ಮುಖ ಬಿಗಿದುಕೊಂಡಿರುತ್ತದೆ. ಇಲ್ಲಿ ಹಾಗಾಗುವುದಿಲ್ಲ, ಜನ ಮಾತಿಗೆ ಕೂರುತ್ತಾರೆ.

ತೊಡಕಿರುವುದು 'ಅರ್ಧಕ್ಕಿಂತ ಹೆಚ್ಚು ಸಮಯ', 'ಅರ್ಧಕ್ಕಿಂತ ಕಡಿಮೆ ಸಮಯ' ಅನ್ನುವ ಆಯ್ಕೆಗಳಲ್ಲಿ. ನೆಮ್ಮದಿಯನ್ನು ಯಾರೂ ಹಾಗೆ ಅಳೆದಿಟ್ಟುಕೊಂಡಿರುವುದಿಲ್ಲ. ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ಹೇಳಿದ್ದು ಇಷ್ಟೇ: "ದೇವ್ರು ಮಡಗ್ದಂಗೆ ಇವ್ನಿ ಕಣವ್ವ." ಇದಕ್ಕೆ ಎಷ್ಟು ಅಂಕ ಹಾಕಲಿ? ಪಕ್ಕದಲ್ಲಿದ್ದ ಮಗ, "ಚೆನ್ನಾಗವ್ರೆ, ಯಾವಾಗ್ಲೂ ಅಂತ ಬರ್ಕಳಿ" ಅಂದರು. ಅಜ್ಜಿ ತಲೆಯಾಡಿಸಿದರು.

ಮಗ ಗದ್ದೆಗೆ ಹೋದ ಮೇಲೆ ಮೊರದಿಂದ ಹದಿನಾಲ್ಕು ಕಾಳು ತೆಗೆದು ಸಾಲಾಗಿ ಜೋಡಿಸಿದೆ. "ಹದಿನಾಲ್ಕು ದಿನ ಅಜ್ಜಿ. ನೆಮ್ಮದಿ ಇದ್ದ ದಿನಕ್ಕೆ ಒಂದೊಂದು ಈ ಕಡೆಗೆ ತಳ್ಳಿ." ನಾಲ್ಕು ತಳ್ಳಿದರು. ಸ್ವಲ್ಪ ಹೊತ್ತು ನೋಡುತ್ತಾ ಕೂತಿದ್ದು, ಒಂದನ್ನು ಹಿಂದಕ್ಕೆ ಎಳೆದುಕೊಂಡರು. ಐದೂ ವಾಕ್ಯ ಮುಗಿದಾಗ ಒಟ್ಟು 6, ಅಂದರೆ 100ಕ್ಕೆ 24. ಅವತ್ತೇ ಡಾಕ್ಟರಿಗೆ ತಿಳಿಸಿದೆ.

ಕಾಳಿನ ಉಪಾಯವನ್ನು ನಮ್ಮ ಮೇಲ್ವಿಚಾರಕರು ಒಪ್ಪಲಿಲ್ಲ. ಎಲ್ಲ ಮನೆಯಲ್ಲೂ ಒಂದೇ ರೀತಿ ಕೇಳದಿದ್ದರೆ ಅಂಕಗಳನ್ನು ಹೋಲಿಸಲು ಬರುವುದಿಲ್ಲ ಅಂದರು. ಅದೂ ಸರಿಯೇ. ಹಾಗಾಗಿ ಮೊದಲು ಇದ್ದದ್ದು ಇದ್ದ ಹಾಗೆ ಓದಿ ಅಂಕ ಬರೆಯುತ್ತೇನೆ, ಕಾಳು ಆಮೇಲೆ.

ಬಳಸಲು ದುಡ್ಡು ಕೊಡಬೇಕಿಲ್ಲ, ಎರಡು ನಿಮಿಷದ ಕೆಲಸ. ಧಾರಾಳವಾಗಿ ಬಳಸಿ, ಆದರೆ ಆ ವ್ಯಕ್ತಿ ಒಬ್ಬರೇ ಇರುವಾಗ ಕೇಳಿ. ಪಕ್ಕದಲ್ಲಿ ಯಾರು ಕೂತಿದ್ದರು ಅಂತ ಬರೆಯಲು ಫಾರಂನಲ್ಲಿ ಜಾಗವಿಲ್ಲ. ನಾನು ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ: 'ಮಗ ಇದ್ದರು', 'ಸೊಸೆ ಬಾಗಿಲಲ್ಲಿ', 'ಒಬ್ಬರೇ'.