ಹೊಟ್ಟೆಯ ಕೆಳಭಾಗಕ್ಕೆ ಕರೆಂಟ್: ಭೇದಿಗೆ ಇಸಬ್ಗೋಲೋ, ಲೋಪೆರಮೈಡೋ?

ಗರ್ಭಕೋಶದ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ನನಗೆ ಕರೆಂಟ್, ಅಂದರೆ ರೇಡಿಯೇಷನ್ (ವಿಕಿರಣ ಚಿಕಿತ್ಸೆ) ಕೊಟ್ಟರು. ವಾರಕ್ಕೆ ಐದು ದಿನದಂತೆ ಐದು ವಾರ. ಮೊದಲ ವಾರ ಆರಾಮಾಗಿದ್ದೆ, ಆಮೇಲೆ ಭೇದಿ ಹಿಡಿಯಿತು. ಕರುಳಿನ ಒಳಪದರ ಸವೆಯುತ್ತಾ, ಹೊಸದಾಗಿ ಬೆಳೆಯುತ್ತಾ ಇರುತ್ತದೆ. ಕರೆಂಟ್ ಆ ಬೆಳವಣಿಗೆಯನ್ನು ತಡೆಯುತ್ತದೆ. ಹಾಗಾಗಿ ತೊಂದರೆ ಜೋರಾಗುವುದು ಎರಡು ಮೂರು ವಾರ ಕಳೆದ ಮೇಲೆ.

ಡಾಕ್ಟರ್ ಬರೆದುಕೊಟ್ಟ ಲೋಪೆರಮೈಡ್ ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ಬಸ್ಸಲ್ಲಿ ಆಸ್ಪತ್ರೆಗೆ ಹೋಗುವವರಿಗೆ ಅದು ದೊಡ್ಡ ಧೈರ್ಯ. ಆದರೆ ನನಗೆ ಮಾರನೇ ದಿನ ಹೊಟ್ಟೆ ಉಬ್ಬರ, ಮೋಷನ್ ಕಟ್ಟಿಬಿಡೋದು. ಜ್ವರ ಇದ್ದರೆ, ರಕ್ತ ಹೋಗುತ್ತಿದ್ದರೆ ಅದನ್ನು ಸುಮ್ನೆ ನುಂಗಬಾರದು, ಮೊದಲು ಡಾಕ್ಟರಿಗೆ ಹೇಳಬೇಕು.

ಇಸಬ್ಗೋಲ್ ಹಾಗಲ್ಲ. ಒಂದು ಚಮಚ ಹೊಟ್ಟನ್ನು ದೊಡ್ಡ ಲೋಟದ ನೀರಿಗೆ ಹಾಕಿ ತಕ್ಷಣ ಕುಡಿಯಬೇಕು. ಸ್ವಲ್ಪ ತಡವಾದರೂ ಲೋಳೆಯಾಗಿ ಗಂಟಲಲ್ಲಿ ಇಳಿಯಲ್ಲ. ಗುಣ ಕಾಣೋಕೆ ಕೆಲವು ದಿನ ಬೇಕು. ಆಮೇಲೆ ನೀರು ನೀರಾಗಿ ಹೋಗುತ್ತಿದ್ದದ್ದು ಗಟ್ಟಿಯಾಯಿತು, ನುಲಿತವೂ ತಗ್ಗಿತು. ದಿನಾ ತೆಗೆದುಕೊಳ್ಳೋಕೆ ನನ್ನ ಓಟು ಇದಕ್ಕೇ. ಲೋಪೆರಮೈಡ್ ತೀರಾ ಬೇಕಾದಾಗ ಮಾತ್ರ.

ಮನೆಯವರು ಸೊಪ್ಪು ತರಕಾರಿ ಪೂರ್ತಿ ಬಿಡು ಅಂದರು. ಬಿಟ್ಟು ನೋಡಿದೆ, ಏನೂ ಸುಧಾರಿಸಲಿಲ್ಲ, ಸುಸ್ತು ಮಾತ್ರ ಜಾಸ್ತಿ ಆಯಿತು. ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಕರೆಂಟ್ ಸಮಯದಲ್ಲಿ ನಾರಿನಂಶ ಹೆಚ್ಚು ತಿಂದವರ ಹೊಟ್ಟೆ ಕಡಿಮೆ ಕೆಟ್ಟಿತ್ತು. ನಾನು ಬೇಯಿಸಿದ ಕ್ಯಾರೆಟ್, ಸೋರೆಕಾಯಿಗೆ ಮರಳಿದೆ. ಹಾಲು ಬಿಟ್ಟಿದ್ದು ಮಾತ್ರ ನಿಜಕ್ಕೂ ಉಪಯೋಗಕ್ಕೆ ಬಂತು. ಕರುಳು ನೊಂದಾಗ ಕೆಲವರಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗಲ್ಲ. ಕಾಫಿ ಬಿಡೋದು ಕಷ್ಟವಾಯಿತು, ನೀರು ಮಜ್ಜಿಗೆ ಒಗ್ಗಿತು. ಓಆರ್‌ಎಸ್ ಅಂತೂ ಎಲ್ಲದರ ಜೊತೆಗೂ ಬೇಕು.

ಇವೆಲ್ಲ ತೊಂದರೆ ಬಂದ ಮೇಲಿನ ಮಾತು. ಬರದ ಹಾಗೆ ನೋಡಿಕೊಳ್ಳೋದರಲ್ಲಿ ಮೂತ್ರಚೀಲ ತುಂಬಿಕೊಂಡು ಕರೆಂಟಿಗೆ ಮಲಗುವುದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ. ಚೀಲ ತುಂಬಿದರೆ ಸಣ್ಣ ಕರುಳು ಮೇಲಕ್ಕೆ ಸರಿದು ಕಿರಣದ ದಾರಿ ತಪ್ಪಿಸಿಕೊಳ್ಳುತ್ತದೆ. ಸರದಿ ತಡವಾದಾಗ ಬೆಂಚಿನ ಮೇಲೆ ಕಾಲು ಬಿಗಿಹಿಡಿದು ಕೂರೋದು ನರಕವೇ. ಆದರೂ ಹೇಳಿದಷ್ಟು ನೀರು, ಹೇಳಿದ ಹೊತ್ತಿಗೇ ಕುಡಿಯಿರಿ.

ಇನ್ನೊಂದು, ಯಾವ ಬಗೆಯ ಕರೆಂಟ್ ಕೊಡುತ್ತಾರೆ ಅನ್ನೋದು, ನಮ್ಮ ಕೈಯಲ್ಲಿಲ್ಲ, ಕೇಳುವುದು ಮಾತ್ರ ನಮ್ಮ ಕೈಯಲ್ಲಿದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು ಆಪರೇಷನ್ ಆದ ಗರ್ಭಕಂಠದ ಕ್ಯಾನ್ಸರ್ ರೋಗಿಗಳಲ್ಲಿ ಎರಡು ಬಗೆಯ ಕರೆಂಟನ್ನು ಹೋಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದ ಹೊತ್ತಿಗೆ ಕರುಳಿನ ತೊಂದರೆ ಹಳೇ ವಿಧಾನದಲ್ಲಿ ಶೇ. 42ರಷ್ಟು ಮಂದಿಗೆ ಕಂಡಿತ್ತು. ಕಿರಣವನ್ನು ಗುರಿಯ ಆಕಾರಕ್ಕೆ ಹೊಂದಿಸಿ ಕರುಳಿಗೆ ಕಡಿಮೆ ಬೀಳುವಂತೆ ಕೊಡುವ ಹೊಸ ವಿಧಾನ ಐಎಂಆರ್‌ಟಿಯಲ್ಲಿ ಅದು ಶೇ. 21. ಖರ್ಚು ಜಾಸ್ತಿ, ನಿಜ. ನಿಮ್ಮ ಕೇಸಿಗೆ ಅದು ಹೊಂದುತ್ತದಾ, ಸರ್ಕಾರಿ ಆರೋಗ್ಯ ಯೋಜನೆ ಕಾರ್ಡಿನಲ್ಲಿ ಸಿಗುತ್ತದಾ ಅಂತ ಪ್ಲಾನಿಂಗ್ ಸ್ಕ್ಯಾನ್‌ಗೆ (ಕರೆಂಟ್ ಎಲ್ಲಿ, ಹೇಗೆ ಕೊಡಬೇಕೆಂದು ಗುರುತಿಸುವ ಸ್ಕ್ಯಾನ್) ಮೊದಲೇ ಕೇಳಿ. ಕರೆಂಟ್ ಶುರುವಾದ ಮೇಲೆ ವಿಧಾನ ಬದಲಾಯಿಸೋದು ಸುಲಭವಲ್ಲ.