ಸ್ಪ್ರೇ ಗನ್ ಹಿಡಿಯುವವರಿಗೆ ಒಂದು ಮಾಸ್ಕ್: ಮೂರು ವರ್ಷ ಬಳಸಿದ ತ್ರೀಎಂ 6200

ತುಮಕೂರಿನ ಶಿರಾ ಗೇಟ್ ದಾಟಿ ಸ್ವಲ್ಪ ಮುಂದೆ, ಒಂದು ತಗಡಿನ ಶೆಡ್ಡಿನಲ್ಲಿ ನಾನು 19 ವರ್ಷಗಳಿಂದ ಸ್ಪ್ರೇ ಪೇಂಟಿಂಗ್ ಮಾಡುತ್ತಿದ್ದೇನೆ. ಲಾರಿ, ಟಿಪ್ಪರ್, ಟ್ರ್ಯಾಕ್ಟರ್ ಟ್ರೈಲರ್, ಶಾಲಾ ಬಸ್ಸು, ಅವುಗಳ ನಡುವೆ ಅಂತರಸನಹಳ್ಳಿ ಮತ್ತು ವಸಂತನರಸಾಪುರದ ಕಾರ್ಖಾನೆಗಳಿಂದ ಬರುವ ಯಂತ್ರದ ಗಾರ್ಡುಗಳು, ಕಬ್ಬಿಣದ ಫ್ರೇಮುಗಳು ನನ್ನ ಕೆಲಸ. ಈ 19 ವರ್ಷಗಳಲ್ಲಿ ಮೊದಲ 16 ವರ್ಷ ಮೂಗಿಗೆ ಕಟ್ಟಿಕೊಂಡದ್ದು ಕರ್ಚೀಫು. ಕಳೆದ ಮೂರು ವರ್ಷಗಳಿಂದ ಹಾಕಿಕೊಳ್ಳುತ್ತಿರುವುದು ತ್ರೀಎಂ ಕಂಪನಿಯ 6200 ಮಾದರಿಯ ಅರ್ಧಮುಖದ ಮಾಸ್ಕ್. ನಮ್ಮ ಕಸುಬಿನಲ್ಲಿ ಒಳ್ಳೆಯ ಗನ್ ಯಾವುದು, ಯಾವ ಕಂಪನಿಯ ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ) ಹೆಚ್ಚು ಹೊಳೆಯುತ್ತದೆ ಎಂದು ಗಂಟೆಗಟ್ಟಲೆ ಮಾತನಾಡುವವರು ಇದ್ದಾರೆ, ಆದರೆ ಮಾಸ್ಕಿನ ಬಗ್ಗೆ ಕನ್ನಡದಲ್ಲಿ ಯಾರೂ ವಿವರವಾಗಿ ಹೇಳಿದ್ದನ್ನು ನಾನು ಕೇಳಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಟಿಪ್ಪರ್ ತೊಟ್ಟಿಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದ ದಿನ ಸಂಜೆ ಮೂಗು ಸೀನಿದರೆ ಇಟ್ಟಿಗೆ ಬಣ್ಣದ ಸಿಂಬಳ ಬರುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಉಗುಳಿದರೂ ಅದೇ ಬಣ್ಣ. ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಒದ್ದೆ ಮಾಡಿ ಕಟ್ಟಿಕೊಂಡರೂ ಇದು ತಪ್ಪುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಒಂದು ಅಚ್ಚು ಬೆಲ್ಲ ತಿಂದು, ಎರಡು ಬಾಳೆಹಣ್ಣು ತಿಂದರೆ ಎದೆಯಲ್ಲಿ ಕೂತ ಬಣ್ಣವೆಲ್ಲ ಇಳಿದುಹೋಗುತ್ತದೆ ಎಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿಗಳು ಹೇಳುತ್ತಿದ್ದರು, ನಾನೂ ವರ್ಷಗಟ್ಟಲೆ ತಿಂದೆ. ಬೆಲ್ಲ ಹೋಗುವುದು ಹೊಟ್ಟೆಗೆ, ಬಣ್ಣ ಹೋಗುವುದು ಶ್ವಾಸಕೋಶಕ್ಕೆ ಎಂಬ ಸರಳ ಮಾತು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ ಎಂಬ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಪೇಂಟರ್ ಕೆಲಸವನ್ನೇ ಕ್ಯಾನ್ಸರ್ ತರುವ ಕಸುಬುಗಳ ಮೊದಲ ಗುಂಪಿಗೆ 1989ರಲ್ಲೇ ಸೇರಿಸಿದೆ. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಅದರಲ್ಲಿ ಮುಖ್ಯವಾದವು. ಆ ವರ್ಷ ನಾನು ಇನ್ನೂ ಒಂದನೇ ತರಗತಿಯಲ್ಲಿದ್ದೆ.

ಇನ್ನು ಮಾಸ್ಕಿನ ವಿಷಯ. ಮೂಗು, ಬಾಯಿ, ಗದ್ದ ಮೂರನ್ನೂ ಮುಚ್ಚುವ ಬೂದು ಬಣ್ಣದ ರಬ್ಬರಿನಂಥ ಮುಖದ ಭಾಗ, ನೆತ್ತಿಯ ಮೇಲೆ ಕೂರುವ ಒಂದು ಪಟ್ಟಿ, ಕತ್ತಿನ ಹಿಂದೆ ಕೊಕ್ಕೆ ಹಾಕುವ ಇನ್ನೊಂದು ಪಟ್ಟಿ, ಎರಡು ಕೆನ್ನೆಯ ಕಡೆಗೆ ತಿರುಗಿಸಿ ಕೂರಿಸುವ ಎರಡು ಕಾರ್ಟ್ರಿಜ್ (ಗಾಳಿ ಸೋಸುವ ಡಬ್ಬಿ), ಮಧ್ಯದಲ್ಲಿ ಉಸಿರು ಹೊರಹೋಗುವ ವಾಲ್ವ್. ಇಷ್ಟೇ ಅದರ ಕಟ್ಟಡ. 6100 ಚಿಕ್ಕ ಮುಖಕ್ಕೆ, 6200 ಮಧ್ಯಮ ಮುಖಕ್ಕೆ, 6300 ದೊಡ್ಡ ಮುಖಕ್ಕೆ. ಮುಖದ ಭಾಗವನ್ನು ಮಾತ್ರ ಕೊಂಡರೆ ಅದರಿಂದ ಏನೂ ಪ್ರಯೋಜನವಿಲ್ಲ, ಕಾರ್ಟ್ರಿಜ್ ಬೇರೆಯಾಗಿಯೇ ಕೊಳ್ಳಬೇಕು. ಬಣ್ಣ ತೆಳುವಾಗಿಸುವ ಥಿನ್ನರಿನ ಆವಿಗೆ 6001 ಎಂಬ ಕಪ್ಪು ಪಟ್ಟಿಯ ಕಾರ್ಟ್ರಿಜ್ ಸಾಕು. ಆದರೆ ಆ ಕಾರ್ಟ್ರಿಜ್ ಆವಿಯನ್ನು ಹಿಡಿಯುತ್ತದೆಯೇ ಹೊರತು ಗನ್ನಿನಿಂದ ಹಾರುವ ಬಣ್ಣದ ಮಂಜನ್ನು ಹಿಡಿಯುವುದಿಲ್ಲ. ಅದಕ್ಕಾಗಿ ಮೇಲೆ 5ಎನ್11 ಎಂಬ ಬಿಳಿಯ ಬಿಲ್ಲೆಯಂಥ ಫಿಲ್ಟರ್ ಇಟ್ಟು, 501 ಎಂಬ ಪ್ಲಾಸ್ಟಿಕ್ ಮುಚ್ಚಳವನ್ನು ಟಕ್ ಎನ್ನುವವರೆಗೆ ಒತ್ತಬೇಕು. ಎಷ್ಟೋ ಜನ ಈ ಎರಡನ್ನು ಬಿಟ್ಟು ಬರೀ ಕಾರ್ಟ್ರಿಜ್ ಹಾಕಿಕೊಂಡು ಪೇಂಟ್ ಹೊಡೆಯುವುದನ್ನು ನೋಡಿದ್ದೇನೆ. ಎರಡೇ ದಿನಕ್ಕೆ ಕಾರ್ಟ್ರಿಜ್ ಬಾಯಿ ಬಣ್ಣದಿಂದ ಕಟ್ಟಿಕೊಂಡು ಉಸಿರು ಎಳೆಯುವುದೇ ಕಷ್ಟವಾಗುತ್ತದೆ.

ಈ ಮಾಸ್ಕಿನ ಗುಣವೆಲ್ಲ ಅದು ಮುಖಕ್ಕೆ ಹೇಗೆ ಕೂರುತ್ತದೆ ಎಂಬುದರಲ್ಲಿದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾಕಿಕೊಂಡ ತಕ್ಷಣ ಅಂಗೈಯಿಂದ ಮುಂದಿನ ವಾಲ್ವ್ ಮುಚ್ಚಿ ಮೆಲ್ಲಗೆ ಉಸಿರು ಬಿಡಬೇಕು. ಮಾಸ್ಕ್ ಸ್ವಲ್ಪ ಉಬ್ಬಿ, ಗಾಳಿ ಎಲ್ಲಿಂದಲೂ ನುಸುಳದಿದ್ದರೆ ಸರಿಯಾಗಿ ಕೂತಿದೆ ಎಂದು ಅರ್ಥ. ಆಮೇಲೆ ಎರಡೂ ಕಡೆಯ ಫಿಲ್ಟರ್ ಮುಚ್ಚಳದ ಮಧ್ಯಭಾಗವನ್ನು ಕೈಯಿಂದ ಒತ್ತಿ ಹಿಡಿದು ಮೆಲ್ಲಗೆ ಉಸಿರು ಎಳೆಯಬೇಕು. ಆಗ ಮಾಸ್ಕ್ ಕೆನ್ನೆಗೆ ಕಚ್ಚಿಕೊಳ್ಳಬೇಕು. ಮೂಗಿನ ಪಕ್ಕದಲ್ಲಿ ತಣ್ಣಗೆ ಗಾಳಿ ಆಡಿದರೆ ಪಟ್ಟಿಯನ್ನು ಸರಿಪಡಿಸಿ ಮತ್ತೆ ನೋಡಬೇಕು. ಅರ್ಧ ನಿಮಿಷದ ಈ ಪರೀಕ್ಷೆಯನ್ನು ನಾನು ಪ್ರತಿ ಸಲ, ಅಂದರೆ ಮಧ್ಯಾಹ್ನದ ಊಟ ಮುಗಿಸಿ ಬಂದು ಮತ್ತೆ ಹಾಕಿಕೊಳ್ಳುವಾಗಲೂ ಮಾಡುತ್ತೇನೆ. ಮೊದಲ ತಿಂಗಳು ಮೇಲಿನ ಪಟ್ಟಿಯನ್ನು ಅತಿಯಾಗಿ ಬಿಗಿದು, ಮೂಗಿನ ಮೇಲೆ ಕೆಂಪು ಗೆರೆ ಎದ್ದು, ಕೆಳಗೆ ಗದ್ದದ ಹತ್ತಿರ ಸಂದು ಬಿಟ್ಟಿತ್ತು. ಬಿಗಿಯುವುದು ಬೇರೆ, ಕೂರಿಸುವುದು ಬೇರೆ ಎಂದು ಆಗ ಗೊತ್ತಾಯಿತು.

ಗಡ್ಡವಿದ್ದರೆ ಈ ಮಾಸ್ಕ್ ಕೆಲಸಕ್ಕೆ ಬಾರದು. ನಾಲ್ಕು ದಿನದ ಕುರುಚಲು ಸಾಕು, ರಬ್ಬರ್ ಮತ್ತು ಚರ್ಮದ ನಡುವೆ ಗಾಳಿಗೆ ದಾರಿಯಾಗುತ್ತದೆ. ಅಂಚಿಗೆ ತಾಗದ ಮೀಸೆಯಿಂದ ತೊಂದರೆಯಿಲ್ಲ. ನಮ್ಮ ಕಡೆ ಇದೊಂದು ನಿಜವಾದ ಸಮಸ್ಯೆ, ಏಕೆಂದರೆ ಕಾರ್ತಿಕ ಬಂತೆಂದರೆ ನಮ್ಮ ಶೆಡ್ಡುಗಳಲ್ಲಿ ಇಬ್ಬರೋ ಮೂವರೋ ಅಯ್ಯಪ್ಪ ಮಾಲೆ ಹಾಕುತ್ತಾರೆ, 41 ದಿನದ ವ್ರತದಲ್ಲಿ ಕ್ಷೌರ ಮಾಡಿಸುವುದಿಲ್ಲ. ವ್ರತ ಬಿಡಿ ಎಂದು ಯಾರಿಗೂ ಹೇಳುವಂತಿಲ್ಲ, ಹೇಳಲೂಬಾರದು. ನಾನೇ ಮಾಲೆ ಹಾಕಿದ ವರ್ಷ ಗನ್ ಮುಟ್ಟದೆ, ಬಣ್ಣವನ್ನೂ ಕಲಸದೆ, ಪುಟ್ಟಿ ಹಾಕುವುದು, ವಾಟರ್ ಪೇಪರಿನಲ್ಲಿ ಉಜ್ಜುವುದು, ಮಾಸ್ಕಿಂಗ್ ಟೇಪ್ ಅಂಟಿಸುವುದು ಮುಂತಾದ ತಯಾರಿ ಕೆಲಸಗಳನ್ನೆಲ್ಲ ಮಾಡಿದೆ. ಗನ್ ಹಿಡಿಯುವ ಕೆಲಸವನ್ನು ಕ್ಷೌರ ಮಾಡಿಸಿಕೊಂಡಿದ್ದ ಜೊತೆಗಾರರು ನೋಡಿಕೊಂಡರು. ಹೀಗೆ ಮೊದಲೇ ಮಾತಾಡಿಕೊಂಡರೆ ಯಾರ ಭಕ್ತಿಗೂ ಅಡ್ಡಿಯಾಗುವುದಿಲ್ಲ.

ಮಾಸ್ಕ್ ಕೊಂಡ ವರ್ಷದ ಮೇ ತಿಂಗಳಲ್ಲಿ ಒಂದು ಶಾಲೆಯ ನಾಲ್ಕು ಬಸ್ಸುಗಳು ಎಫ್‌ಸಿಗೆ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರಕ್ಕೆ) ಮುಂಚೆ ಬಣ್ಣಕ್ಕೆ ಬಂದವು. ಮೊದಲ ಬಸ್ಸಿನ ಎರಡು ಮಗ್ಗುಲು ಮುಗಿಸಿ, ಶೆಡ್ಡಿನಿಂದ ಹೊರಗೆ ಬಂದು, ಮುಚ್ಚಳ ತೆಗೆದು ಫಿಲ್ಟರ್ ನೋಡಿದೆ. ಬೆಳಿಗ್ಗೆ ಹಾಲಿನಂತೆ ಬೆಳ್ಳಗಿದ್ದ ಬಿಲ್ಲೆ ಅರಿಶಿನದಲ್ಲಿ ಅದ್ದಿ ತೆಗೆದಂತಿತ್ತು. ಮುಚ್ಚಳದ ಅಂಚು ಕೂತಿದ್ದ ಜಾಗದಲ್ಲಿ ಮಾತ್ರ ಸುತ್ತಲೂ ಬಿಳಿಯ ಬಳೆಯಂಥ ಗೆರೆ ಉಳಿದಿತ್ತು. ತಿರುಗಿಸಿ ಒಳಮೈ ನೋಡಿದರೆ ಅಚ್ಚ ಬಿಳುಪು. ನನ್ನ ಸಹಾಯಕ ಹುಡುಗ ಅದನ್ನು ಕೈಗೆ ತೆಗೆದುಕೊಂಡು, ಎರಡೂ ಮೈ ತಿರುಗಿಸಿ ನೋಡಿ, "ಅಣ್ಣಾ, ಇಷ್ಟೂ ಮೊದಲು ನಮ್ಮೊಳಗೇ ಹೋಗ್ತಿತ್ತಾ?" ಎಂದು ಕೇಳಿದ. ಆ ಬಿಲ್ಲೆಯನ್ನು ನಾನು ಎಸೆಯಲಿಲ್ಲ, ಹೊಸದಾಗಿ ಕೆಲಸಕ್ಕೆ ಬರುವವರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ. ಹಳದಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಹಳೆಯ ಹಳದಿ ಬಣ್ಣಗಳಲ್ಲಿ ಲೆಡ್ ಕ್ರೋಮೇಟ್ ಎಂಬ ಸೀಸದ ವರ್ಣಕವಿರುವ ಸಾಧ್ಯತೆ ಹೆಚ್ಚು. ಸೀಸವು 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ 2016ರ ಕೇಂದ್ರ ನಿಯಮ ಮನೆ ಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗಾಗಿ ಮಾಡಿದ್ದು, ಗಾಡಿಯ ಬಣ್ಣಗಳಿಗಲ್ಲ. ಹಾಗಾಗಿ ಹಳೆಯ ಬಸ್ಸಿನ ಬಣ್ಣವನ್ನು ನಾವು ಒಣದಾಗಿ ಉಜ್ಜುವುದಿಲ್ಲ, ನೀರು ಹಾಕಿಯೇ ಉಜ್ಜುತ್ತೇವೆ, ಆಗಲೂ ಮಾಸ್ಕ್ ಮುಖದ ಮೇಲಿರುತ್ತದೆ.

ಕಾರ್ಟ್ರಿಜ್ ಒಳಗಿರುವುದು ಸಕ್ರಿಯಗೊಳಿಸಿದ ಇದ್ದಿಲು. ಇಂಥ ಇದ್ದಿಲನ್ನು ಹೆಚ್ಚಾಗಿ ತೆಂಗಿನ ಚಿಪ್ಪಿನಿಂದ ಮಾಡುತ್ತಾರೆ ಎಂದು ತಿಳಿದಾಗ, ತಿಪಟೂರಿನ ಕೊಬ್ಬರಿ ಸೀಮೆಯಲ್ಲಿ ಹುಟ್ಟಿದ ನನಗೆ ಸಂತೋಷವಾಯಿತು. ಟಾಲೂಯೀನ್, ಜೈಲೀನ್, ಬ್ಯುಟೈಲ್ ಅಸಿಟೇಟ್ ಮುಂತಾದ ಥಿನ್ನರ್ ಆವಿಗಳು ಆ ಇದ್ದಿಲಿನ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಂಧ್ರಗಳು ತುಂಬಿದ ಮೇಲೆ ಆವಿ ನೇರವಾಗಿ ಒಳಗೆ ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ನೀವು ಹಾಕಿಕೊಳ್ಳದಿದ್ದರೂ ಇದ್ದಿಲು ಕೆಲಸ ಮಾಡುತ್ತಲೇ ಇರುತ್ತದೆ. ಶೆಡ್ಡಿನ ಮೊಳೆಗೆ ಮಾಸ್ಕ್ ನೇತುಹಾಕಿ ಮನೆಗೆ ಹೋದರೆ ರಾತ್ರಿಯಿಡೀ ಅದು ಶೆಡ್ಡಿನ ಗಾಳಿಯಲ್ಲಿರುವ ಥಿನ್ನರನ್ನು ಹೀರಿ, ಬೆಳಿಗ್ಗೆ ಹೊತ್ತಿಗೆ ತನ್ನ ಆಯುಷ್ಯದ ಒಂದು ಪಾಲು ಕಳೆದುಕೊಂಡಿರುತ್ತದೆ. ನಾನು ರಬ್ಬರ್ ಅಂಚಿನ ಗಟ್ಟಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಪೇಂಟ್ ಡಬ್ಬಗಳಿಂದ ದೂರ ಇಡುತ್ತೇನೆ. ತೆರೆದ ದಿನಾಂಕವನ್ನು ಮಾರ್ಕರಿನಿಂದ ಕಾರ್ಟ್ರಿಜ್ ಮೇಲೆ ಬರೆದು, ಪ್ರತಿದಿನ ಹೊಡೆದ ಗಂಟೆಗಳನ್ನು ಲೆಕ್ಕದ ಪುಸ್ತಕದಲ್ಲಿ ಗುರುತು ಮಾಡುತ್ತೇನೆ. ವಾಸನೆ ಬಂದ ಮೇಲೆ ಬದಲಿಸುವುದು ತಡವಾದ ಕೆಲಸ. ವಾಸನೆ ಬರುವುದಕ್ಕಿಂತ ಮುಂಚೆ ಬದಲಿಸಬೇಕು. ಒಮ್ಮೆ ಕಡಿಮೆ ಬೆಲೆಗೆ ಸಿಕ್ಕಿತೆಂದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಬಿಲ್ಲಿಲ್ಲದೆ ಎರಡು ಜೊತೆ ಕೊಂಡು, ಹೊಚ್ಚ ಹೊಸದಕ್ಕೇ ಹತ್ತು ನಿಮಿಷದಲ್ಲಿ ಥಿನ್ನರ್ ವಾಸನೆ ಮೂಗಿಗೆ ಬಡಿಯಿತು. ಅವು ನಕಲಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಂದಿನಿಂದ ಬಿಲ್ಲು, ತಯಾರಿಕೆಯ ದಿನಾಂಕ, ಮೊಹರು ಮಾಡಿದ ಪೊಟ್ಟಣ ಮೂರೂ ಇದ್ದರೆ ಮಾತ್ರ ಕೊಳ್ಳುತ್ತೇನೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಹಾರ್ಡ್ನರ್, ಅಂದರೆ ಬಣ್ಣ ಗಟ್ಟಿಯಾಗಲು ಬೆರೆಸುವ ದ್ರವ. ಪಿಯು (ಪಾಲಿಯುರೆಥೇನ್) ಅಥವಾ ಟೂಕೆ ಎಂದು ನಾವು ಕರೆಯುವ ಪೇಂಟಿಗೆ, ಕಾರಿನ ಕ್ಲಿಯರಿಗೆ ಬೆರೆಸುವ ಹಾರ್ಡ್ನರಿನಲ್ಲಿ ಐಸೋಸೈನೇಟ್ ಇರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸೈನೇಟ್ ಇದೇ ಕುಲದ್ದು. ನಮ್ಮ ಡಬ್ಬಿಯಲ್ಲಿರುವುದು ಬೇರೆ ರಾಸಾಯನಿಕ, ಅಷ್ಟು ಸುಲಭವಾಗಿ ಆವಿಯಾಗುವುದೂ ಇಲ್ಲ, ಆದರೆ ಗನ್ನಿನಿಂದ ಮಂಜಾಗಿ ಹೊರಬಂದಾಗ ಉಸಿರಿನೊಂದಿಗೆ ನೇರವಾಗಿ ಎದೆಗೆ ಇಳಿಯುತ್ತದೆ. ಥಿನ್ನರಿನಂತೆ ಇದು ವಾಸನೆಯಿಂದ ಎಚ್ಚರಿಸುವುದಿಲ್ಲ, ಅಂದರೆ ಕಾರ್ಟ್ರಿಜ್ ಮುಗಿದದ್ದು ಹಾಕಿಕೊಂಡವನಿಗೆ ತಿಳಿಯುವುದೇ ಇಲ್ಲ. ಒಮ್ಮೆ ದೇಹ ಇದಕ್ಕೆ ತಿರುಗಿಬಿದ್ದರೆ, ಆಮೇಲೆ ಸ್ವಲ್ಪವೇ ತಾಗಿದರೂ ಉಬ್ಬಸ ಕೆರಳುತ್ತದೆ. ಕೆಲವರಿಗೆ ಕೆಲಸದ ಹೊತ್ತಿನಲ್ಲಿ ಏನೂ ಆಗದೆ ರಾತ್ರಿ ಮಲಗಿದ ಮೇಲೆ ಎದೆ ಬಿಗಿಯುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿಗಳು ಕೊನೆಗೆ ಹಾರ್ಡ್ನರ್ ಡಬ್ಬಿ ತೆರೆದ ಶೆಡ್ಡಿನೊಳಗೆ ಕಾಲಿಡಲಾರದೆ, ಅವರ ಕೈಯ ಗನ್ ಬಿಟ್ಟು ಕ್ಯಾತ್ಸಂದ್ರದಲ್ಲಿ ಚಿಲ್ಲರೆ ಅಂಗಡಿ ಇಟ್ಟುಕೊಂಡರು. ಬಸ್ಸಿನ ಮಗ್ಗುಲಿನ ಉದ್ದಕ್ಕೂ ಒಂದು ಹನಿ ಇಳಿಯದಂತೆ, ಒಂದೇ ಸಮನಾಗಿ ಕೋಟ್ ಎಳೆಯುತ್ತಿದ್ದ ಕೈ ಅದು.

ಟೂಕೆ ಹೊಡೆಯುವವರಿಗೆ ಹೊರಗಿನಿಂದ ಶುದ್ಧ ಗಾಳಿ ತರುವ ಏರ್‌ಲೈನ್ ಮಾಸ್ಕ್ ಬೇಕು ಎಂದು ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಇಲಾಖೆ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ 6200 ಎಷ್ಟೇ ಚೆನ್ನಾಗಿದ್ದರೂ ಪೂರ್ತಿ ಬಾಡಿ ಪಿಯು ಕೆಲಸಕ್ಕೆ ನಾನು ಅದನ್ನು ನಂಬುವುದಿಲ್ಲ. ಅಂಥ ಕೆಲಸ ಬಂದರೆ ಅಂತರಸನಹಳ್ಳಿಯಲ್ಲಿ ಏರ್‌ಲೈನ್ ಇರುವ ಒಂದು ಪೇಂಟಿಂಗ್ ಬೂತನ್ನು ದಿನದ ಬಾಡಿಗೆಗೆ ತೆಗೆದುಕೊಂಡು ಅಲ್ಲೇ ಹೊಡೆಯುತ್ತೇನೆ, ಬಾಡಿಗೆಯನ್ನು ಗಾಡಿಯವರಿಗೆ ಮೊದಲೇ ತಿಳಿಸಿ ಕೂಲಿಯಲ್ಲಿ ಸೇರಿಸುತ್ತೇನೆ. ನಮ್ಮ ಸಾಮಾನ್ಯ ಕಂಪ್ರೆಸರಿನಿಂದ ಪೈಪ್ ಎಳೆದು ಉಸಿರಾಟಕ್ಕೆ ಬಳಸುವ ಸಾಹಸವನ್ನು ಯಾರೂ ಮಾಡಬಾರದು, ಆ ಗಾಳಿಯಲ್ಲಿ ಎಣ್ಣೆಯ ಅಂಶವೂ ಕಾರ್ಬನ್ ಮಾನಾಕ್ಸೈಡೂ ಇರಬಹುದು. ಇನ್ನೊಂದು ಅಭ್ಯಾಸ ನಮ್ಮೆಲ್ಲರಲ್ಲೂ ಇದೆ: ಕೋಟ್ ಮುಗಿದ ಕೂಡಲೇ ಮಾಸ್ಕ್ ಕೆಳಗಿಳಿಸಿ ಶೈನ್ ನೋಡುವುದು. ಕಣ್ಣಿಗೆ ಕಾಣದ ಮಂಜು ಗನ್ ನಿಂತ ಮೇಲೂ ಗಾಳಿಯಲ್ಲಿ ತೇಲುತ್ತಿರುತ್ತದೆ. ಶೈನ್ ನೋಡುವುದಾದರೆ ಮಾಸ್ಕ್ ಹಾಕಿಕೊಂಡೇ ನೋಡಬೇಕು.

ಹಾಲಿನ ಟ್ಯಾಂಕರ್, ನೀರಿನ ಟ್ಯಾಂಕ್ ಇಂಥವುಗಳ ಒಳಗಿಳಿದು ಬಣ್ಣ ಹೊಡೆಯಲು ಈ ಮಾಸ್ಕ್ ಸಲ್ಲದು. ಇದು ಇರುವ ಗಾಳಿಯನ್ನು ಸೋಸುತ್ತದೆ, ಆಮ್ಲಜನಕ ಕೊಡುವುದಿಲ್ಲ.

ಮಾರ್ಚಿನಿಂದ ಮೇವರೆಗೆ ತಗಡಿನ ಶೆಡ್ಡಿನಲ್ಲಿ ಈ ಬಗೆಯ ಯಾವ ಮಾಸ್ಕ್ ಹಾಕಿದರೂ ಗದ್ದದ ಬಳಿ ಬೆವರು ನಿಲ್ಲುತ್ತದೆ. ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ತೆಗೆದು ಒರೆಸಿಕೊಳ್ಳುತ್ತೇನೆ. ಕಣ್ಣು ಇದರಿಂದ ಮುಚ್ಚುವುದಿಲ್ಲವಾದ್ದರಿಂದ ಕನ್ನಡಕ ಬೇರೆ ಬೇಕು, ಕೈಗೆ ನೈಟ್ರೈಲ್ ಗ್ಲೌಸ್ ಬೇಕು. ವಾರಕ್ಕೊಮ್ಮೆ ಕಾರ್ಟ್ರಿಜ್ ಬಿಚ್ಚಿಟ್ಟು ಮುಖದ ಭಾಗವನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಣ್ಣ ಹೋಗಲಿ ಎಂದು ಥಿನ್ನರಿನಿಂದ ಒರೆಸಿದರೆ ರಬ್ಬರ್ ಕೆಡುತ್ತದೆ.

ಮಾಸ್ಕ್, ಒಂದು ಜೊತೆ ಕಾರ್ಟ್ರಿಜ್, ಫಿಲ್ಟರ್‌ಗಳು, ಮುಚ್ಚಳ ಎಲ್ಲ ಸೇರಿ ನನಗೆ ಸುಮಾರು 2,600 ರೂಪಾಯಿ ತಗುಲಿತು. ಒಂದು ಟಿಪ್ಪರಿಗೆ ಬಣ್ಣ ಹೊಡೆದ ಕೂಲಿಯ ಒಂದು ಪಾಲು. ಮುಖದ ಭಾಗ ಮೂರು ವರ್ಷದಿಂದ ಅದೇ ಇದೆ, ಖರ್ಚಾಗುವುದು ಕಾರ್ಟ್ರಿಜ್ ಮತ್ತು ಫಿಲ್ಟರ್ ಮಾತ್ರ. ಸಹಾಯಕ ಹುಡುಗನಿಗೆ ಮೊದಲು ನನ್ನಂಥದ್ದೇ 6200 ತಂದುಕೊಟ್ಟಿದ್ದೆ, ಅವನ ಸಣ್ಣ ಮುಖಕ್ಕೆ ಗದ್ದದ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿತ್ತು. ಕಳೆದ ಆಯುಧ ಪೂಜೆಗೆ ಅವನಿಗೆ 6100 ಕೊಡಿಸಿದೆ. ಗನ್, ಕಂಪ್ರೆಸರುಗಳ ಜೊತೆ ಎರಡೂ ಮಾಸ್ಕುಗಳನ್ನು ಮಣೆಯ ಮೇಲಿಟ್ಟು, ಅವಕ್ಕೂ ಕುಂಕುಮವಿಟ್ಟು ಸೇವಂತಿಗೆ ಏರಿಸಿದೆವು.