ಶುಗರ್ ಗ್ಲೈಡರ್‌ಗೆ ಹಣ್ಣು, ಜೇನು ಸಾಕು ಅಂದರೆ ನಂಬಬೇಡಿ

ಕೊಡಗಿನಲ್ಲಿ ಯಾರಾದರೂ ಶುಗರ್ ಗ್ಲೈಡರ್ (ಹಾರುವ ಅಳಿಲಿನ ಹಾಗೆ ಕಾಣುವ ಪುಟ್ಟ ಪ್ರಾಣಿ) ಸಾಕಲು ತರುವ ಯೋಚನೆಯಲ್ಲಿದ್ದರೆ ಮೊದಲು ಇದನ್ನು ಓದಿ.

ನಾವು ಬೆಂಗಳೂರಿನಿಂದ ಒಂದು ಜೋಡಿ ತಂದೆವು. "ಹಣ್ಣು, ಜೇನು, ಸ್ವಲ್ಪ ಸೂರ್ಯಕಾಂತಿ ಬೀಜ ಕೊಡಿ ಸಾರ್, ಬೇರೇನೂ ಬೇಡ" ಅಂದ ಮಾರಿದವನು. ನಮ್ಮ ಕಡೆ ಜೇನಿಗೆ, ಬಾಳೆಹಣ್ಣಿಗೆ ಬರವಾ? ಅವೂ ಚಪ್ಪರಿಸಿ ತಿಂದು ದುಂಡಗಾದವು. ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣು ಗ್ಲೈಡರ್ ಹಿಂಗಾಲು ಎಳೆಯತೊಡಗಿತು. ಹಿಡಿದುಕೊಂಡರೆ ನಡುಕ. ಎಲ್ಲೋ ಬಿದ್ದು ಪೆಟ್ಟಾಗಿದೆ ಅಂದುಕೊಂಡೆವು. ದನ, ನಾಯಿ ನೋಡುವ ನಮ್ಮೂರ ಪಶುವೈದ್ಯರು "ಇದು ನನಗೆ ಗೊತ್ತಿಲ್ಲ, ಮೈಸೂರಿಗೆ ಹೋಗಿ" ಎಂದು ನೇರವಾಗಿ ಹೇಳಿದರು. ಪುಣ್ಯಕ್ಕೆ ಸುಮ್ನೆ ಇಂಜೆಕ್ಷನ್ ಚುಚ್ಚಲಿಲ್ಲ. ಮೈಸೂರಿನಲ್ಲಿ ಎಕ್ಸ್‌ರೇ ತೆಗೆದರೆ ಮೂಳೆಯೆಲ್ಲ ತೆಳುವಾಗಿತ್ತು. ಕ್ಯಾಲ್ಸಿಯಂ ಕೊರತೆ.

ಬಾಳೆಹಣ್ಣು, ಸೂರ್ಯಕಾಂತಿ ಬೀಜ ಎರಡರಲ್ಲೂ ಕ್ಯಾಲ್ಸಿಯಂಗಿಂತ ರಂಜಕ (ಫಾಸ್ಫರಸ್) ಜಾಸ್ತಿ. ಈ ಪ್ರಾಣಿಗೆ ಬೇಕಾದದ್ದು ಅದರ ಉಲ್ಟಾ: ಒಂದು ಪಾಲು ರಂಜಕಕ್ಕೆ ಹೆಚ್ಚುಕಡಿಮೆ ಎರಡು ಪಾಲು ಕ್ಯಾಲ್ಸಿಯಂ. ಊಟದಲ್ಲಿ ಸಿಗದಿದ್ದರೆ ದೇಹ ತನ್ನ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ನೋಡಲು ನಮ್ಮ ಕಾಡಿನ ಹಾರುವ ಅಳಿಲಿನ ಹಾಗಿದ್ದರೂ ಇದು ಅಳಿಲಲ್ಲ. ಆಸ್ಟ್ರೇಲಿಯಾದ್ದು, ಕಾಂಗರೂ ಥರ ಹೊಟ್ಟೆಚೀಲ ಇರುವ ಪ್ರಾಣಿ. ಅಲ್ಲಿ ನೀಲಗಿರಿ ಮರದ ರಸ, ಜಾಲಿ ಜಾತಿಯ ಮರಗಳ ಅಂಟು, ಮಕರಂದ, ಹುಳುಹುಪ್ಪಟೆ ತಿಂದು ಬದುಕುತ್ತದೆ.

ಡಾಕ್ಟರ್ ಬರೆದುಕೊಟ್ಟದ್ದು ಲೆಡ್‌ಬೀಟರ್ ಮಿಕ್ಸ್: 150 ಮಿ.ಲೀ. ಬೆಚ್ಚಗಿನ ನೀರು, ಅಷ್ಟೇ ಜೇನು, ಸಿಪ್ಪೆ ತೆಗೆದ ಒಂದು ಬೇಯಿಸಿದ ಮೊಟ್ಟೆ, ಪ್ರೋಟೀನ್ ಹೆಚ್ಚಿರುವ ಮಕ್ಕಳ ಸೀರಿಯಲ್ 25 ಗ್ರಾಂ, ಒಂದು ಟೀ ಚಮಚ ವಿಟಮಿನ್-ಖನಿಜ ಪುಡಿ. ಎಲ್ಲ ರುಬ್ಬಿ ಫ್ರಿಜ್‌ನಲ್ಲಿಡಬೇಕು. ದಿನದ ಊಟದಲ್ಲಿ ಅರ್ಧ ಇದು, ಇನ್ನರ್ಧ ಹುಳು ತಿನ್ನುವ ಪ್ರಾಣಿಗಳಿಗೆಂದೇ ಮಾಡಿದ ಆಹಾರ. ಹಣ್ಣು ಚೂರೇ ಚೂರು. ರಾತ್ರಿ ಎದ್ದಿರುವ ಪ್ರಾಣಿ, ಹಾಗಾಗಿ ಸಂಜೆ ಇಟ್ಟು ಬೆಳಿಗ್ಗೆ ಉಳಿದದ್ದನ್ನು ತೆಗೆಯಿರಿ.

ಹುಳು ಬೇಕಲ್ವಾ ಅಂತ ತೋಟದಿಂದ ಹಿಡಿದು ತರಬೇಡಿ. ಕಾಫಿಗೆ, ಮೆಣಸಿಗೆ ಏನೇನು ಸ್ಪ್ರೇ ಹೊಡೆದಿರುತ್ತೇವೆ ಅಂತ ನಮಗೇ ಗೊತ್ತು. ಮನೆ ಹಿಂದಿನ ಬಟರ್‌ಫ್ರೂಟ್ ಕೂಡ ಬೇಡ, ಮೊಲಕ್ಕೆ, ಹಕ್ಕಿಗೆ ಅದು ವಿಷ. ಚಾಕೊಲೇಟ್, ಈರುಳ್ಳಿಯಂತೂ ಹತ್ತಿರ ತರಲೇಬೇಡಿ.

ಕಾಲು ಎಳೆಯುವುದು, ನಡುಗುವುದು ಕಂಡರೆ ಹತ್ತಿ ಇಳಿಯಲು ಆಗದ ಹಾಗೆ ಬಟ್ಟೆ ಹಾಸಿದ ಸಣ್ಣ ಡಬ್ಬಿಯಲ್ಲಿಟ್ಟು ಅವತ್ತೇ ಹೊರಡಿ. ಗ್ಲೈಡರ್ ನೋಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.